ಲಾಗ್‌ಬುಕ್ಕಿನಲ್ಲಿ ಹತ್ತು ಹೆರಿಗೆ, ಕೈಯಲ್ಲಿ ಒಂದೂ ಇಲ್ಲ

ಹೋದ ಭಾನುವಾರ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಎಂಬಿಬಿಎಸ್ ಓದು ಮುಗಿಸಿ ಈಗ ಇಂಟರ್ನ್‌ಶಿಪ್ ಮಾಡ್ತಾ ಇದ್ದಾನೆ, ಹತ್ತು ತಿಂಗಳು ಕಳೆದಿದೆ. ಊಟ ಆದ ಮೇಲೆ ಜಗಲಿಯಲ್ಲಿ ಕೂತಿದ್ದೆವು. ಅಮ್ಮ ಎದ್ದು ಒಳಗೆ ಹೋಗುವವರೆಗೆ ಕಾದು, ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ.

"ಅಕ್ಕ, ಒಂದು ವಿಷಯ ಹೇಳ್ಲಾ? ಬೈಯ್ಬಾರ್ದು."

"ಎಂತ ಮಾರಾಯ?"

"ನಾನು ಇಲ್ಲಿವರೆಗೆ ಒಂದೂ ಹೆರಿಗೆ ಮಾಡಿಸ್ಲಿಲ್ಲ."

ಬ್ಯಾಗಿನಿಂದ, ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಲಾಗ್‌ಬುಕ್ ತೆಗೆದು ತೋರಿಸಿದ. ಹೆರಿಗೆ ವಿಭಾಗದ ಪುಟದಲ್ಲಿ ಹತ್ತು ಹೆರಿಗೆ ಉಂಟು. ಹತ್ತು ರೋಗಿಗಳ ಐಪಿ ನಂಬರು, ಹತ್ತು ತಾರೀಕು, ಕೆಳಗೆ ಸಹಿ, ಸೀಲು. ಹತ್ತೂ ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕೂತು ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಬೈಯಲು ನನಗೆ ಬಾಯಿ ಬರಲಿಲ್ಲ. ನನ್ನ ಲಾಗ್‌ಬುಕ್ಕೂ ಹಾಗೆಯೇ ಇತ್ತು.

ಆ ದಿನದಿಂದ ಈ ವಿಷಯ ತಲೆಯಲ್ಲಿ ಕೊರೀತಾ ಉಂಟು, ಅದಕ್ಕೇ ಬರೀತಾ ಇದ್ದೇನೆ. ಡಾಕ್ಟರಲ್ಲದವರಿಗೆ ಮೊದಲು ಒಂದು ಮಾತು ಹೇಳಬೇಕು. ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಹಳಬರು ಹೌಸ್ ಸರ್ಜನ್ಸಿ ಅಂತಾರೆ. ಆ ಒಂದು ವರ್ಷ ನೀವು ಡಾಕ್ಟರೂ ಹೌದು, ವಿದ್ಯಾರ್ಥಿಯೂ ಹೌದು. ಸೂಜಿ ಹಾಕುವಾಗ, ಹೊಲಿಗೆ ಹಾಕುವಾಗ, ಮಗು ಹೊರಗೆ ಬರುವಾಗ ನಿಮ್ಮ ಹಿಂದೆ ಗೊತ್ತಿದ್ದವರೊಬ್ಬರು ನಿಂತಿರುತ್ತಾರೆ, ಕೈ ತಪ್ಪಿದರೆ ಹಿಡೀತಾರೆ. ಹಾಗೆ ಧೈರ್ಯವಾಗಿ ಕೈ ಕಲಿಯುವ ವರ್ಷ ಅದೊಂದೇ. ಅದು ಮುಗಿದು ಪಕ್ಕಾ ರಿಜಿಸ್ಟ್ರೇಷನ್ ಸಿಕ್ಕಿತು ಅಂದರೆ, ಮರುದಿನವೇ ಯಾವುದೋ ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಗೆ ನೀವೊಬ್ಬರೇ.

ನನ್ನ ಮೊದಲ ಒಂಟಿ ರಾತ್ರಿ 2019ರ ಜುಲೈಯಲ್ಲಿ. ನಮ್ಮ ಕಾಸರಗೋಡು ಕಡೆಯ ಒಂದು ಸಣ್ಣ ಆಸ್ಪತ್ರೆ. ಹೊರಗೆ ಜೋರು ಮಳೆ. ಹನ್ನೊಂದು ಗಂಟೆಗೆ ಒಬ್ಬರು ಅಜ್ಜಿಯನ್ನು ಜೀಪಿನಲ್ಲಿ ಕರಕೊಂಡು ಬಂದರು. ಬೆಳಗ್ಗಿನಿಂದ ವಾಂತಿ ಭೇದಿ. ಕಣ್ಣು ಒಳಗೆ ಹೋಗಿದೆ, ನಾಲಿಗೆ ಒಣಗಿದೆ, ಬಿಪಿ ಇಳಿದಿದೆ. ಏನು ಮಾಡಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ಯಾವ ಗ್ಲೂಕೋಸು, ಎಷ್ಟು, ಎಷ್ಟು ಹೊತ್ತಿನಲ್ಲಿ, ಎಲ್ಲ ಬಾಯಿಪಾಠ. ಗ್ಲೂಕೋಸು ಹೋಗಲಿಕ್ಕೆ ನರದೊಳಗೆ ಇಡುವ ಸೂಜಿ, ಪ್ಲಾಸ್ಟಿಕ್ ಕೊಳವೆಗೆ ಕ್ಯಾನುಲಾ ಅಂತಾರೆ, ಅದರ ಅಳತೆ ಹಸಿರು 18, ಗುಲಾಬಿ 20, ನೀಲಿ 22 ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ನರ ಸಿಗಬೇಕಲ್ಲ! ಒಂದು ಸಲ ಚುಚ್ಚಿದೆ, ಊದಿಕೊಂಡಿತು. ಇನ್ನೊಂದು ಕೈಗೆ ಚುಚ್ಚಿದೆ, ರಕ್ತ ಬಂತು, ಪ್ಲಾಸ್ಟಿಕ್ ಒಳಗೆ ಹೋಗಲಿಲ್ಲ. ಮೂರನೇ ಸಲವೂ ಹಾಗೆಯೇ. ಅಜ್ಜಿ ನೋವು ಅಂತ ಕೂಡ ಹೇಳಲಿಲ್ಲ, ಅಷ್ಟು ಸೋತಿದ್ದರು. ಅವರ ಮಗಳು ಮಾತ್ರ ನನ್ನ ಕೈಯನ್ನೇ ನೋಡ್ತಾ ನಿಂತಿದ್ದರು.

ಡ್ಯೂಟಿಯಲ್ಲಿದ್ದ ಸಿಸ್ಟರ್ ಕಣ್ಣೂರು ಕಡೆಯವರು. "ಡಾಕ್ಟರೇ, ನಾನು ಒಮ್ಮೆ ನೋಡ್ಲಾ?" ಅಂತ ಕೇಳಿದರು. ಅವರು ಮಾಡಿದ್ದನ್ನು ಇವತ್ತಿಗೂ ಮರೆತಿಲ್ಲ. ಮೊದಲು ಅಜ್ಜಿಯ ಕೈಯನ್ನು ಮಂಚದಿಂದ ಕೆಳಗೆ ಜೋಲು ಬಿಟ್ಟರು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದರು. ಅವಸರ ಮಾಡದೆ ಒಂದು ನಿಮಿಷ ಕಾದರು. ಆಮೇಲೆ ಕಣ್ಣಿನಿಂದ ಹುಡುಕಲಿಲ್ಲ, ಬೆರಳ ತುದಿಯಿಂದ ಒತ್ತಿ ಒತ್ತಿ ನೋಡಿದರು, ನರ ಇದ್ದಲ್ಲಿ ಬೆರಳಿಗೆ ಸ್ವಲ್ಪ ಪುಟಿದ ಹಾಗೆ ಆಗುತ್ತದೆ. ನೀಲಿ ಕ್ಯಾನುಲಾ ತಗೊಂಡರು. ಕ್ಯಾನುಲಾದ ಹಿಂಬದಿಯ ಪುಟ್ಟ ಕೊಳವೆಯಲ್ಲಿ ರಕ್ತ ಕಂಡ ಕೂಡಲೇ ಸೂಜಿಯನ್ನು ಚರ್ಮಕ್ಕೆ ಒರಗಿಸಿ, ಒಂದು ಕಾಳಿನಷ್ಟು ಮುಂದೆ ತಳ್ಳಿ, ಆಮೇಲೆಯೇ ಪ್ಲಾಸ್ಟಿಕ್ ಜಾರಿಸಿದರು. "ರಕ್ತ ಕಂಡ ಕೂಡ್ಲೇ ಸೂಜಿ ಎಳೀಬೇಡಿ ಡಾಕ್ಟರೇ, ತುದಿ ಮಾತ್ರ ಒಳಗೆ ಹೋಗಿರ್ತದೆ" ಅಂದರು. ಬೆಳಿಗ್ಗೆ ಅಜ್ಜಿ ಎದ್ದು ಕೂತು ಕಾಫಿ ಕೇಳಿದರು. ನಾನು ಹೊರಗೆ ಹೋಗಿ ಅತ್ತೆ.

ಒಂದು ಕಾಳಿನಷ್ಟು ಮುಂದೆ ತಳ್ಳುವುದನ್ನು ಪುಸ್ತಕದಲ್ಲಿಯೂ ಬರೆದಿರುತ್ತಾರೆ. ಆದರೆ ಅದು ಬೆರಳಿಗೆ ಗೊತ್ತಾಗಬೇಕಾದರೆ ಐವತ್ತು ಸಲ ಮಾಡಿರಬೇಕು, ಪಕ್ಕದಲ್ಲಿ ಒಬ್ಬರು ನಿಂತು ನೋಡಿರಬೇಕು.

ಹಾಗಾದರೆ ನಾನು ಇಡೀ ವರ್ಷ ಎಂತ ಮಾಡಿದೆ? ಸುಮ್ನೆ ಕೂತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಹೋದರೆ ರಾತ್ರಿ ಎಂಟರವರೆಗೆ ಓಡಾಟವೇ. ಡಿಸ್ಚಾರ್ಜ್ ಸಮರಿ ಬರೆಯುವುದು. ಹಳೇ ರಿಪೋರ್ಟು ಹುಡುಕಿ ಕೇಸ್ ಶೀಟಿಗೆ ಅಂಟಿಸುವುದು. ಸಿಟಿ ಸ್ಕ್ಯಾನಿಗೆ ಸಮಯ ಗೊತ್ತು ಮಾಡಿಕೊಡುವುದು. ಬ್ಲಡ್ ಬ್ಯಾಂಕಿಗೆ ಓಡುವುದು, ಎಕ್ಸ್‌ರೇ ಫಿಲಂ ತರುವುದು, ವಿಮೆಯ ಫಾರಂ ತುಂಬಿಸುವುದು. ಅದು ಖಾಸಗಿ ಕಾಲೇಜು, ಅಲ್ಲಿ ಕ್ಯಾನುಲಾ ಹಾಕುವುದು ಸಿಸ್ಟರ್‌ಗಳ ಕೆಲಸ, ರಕ್ತ ತೆಗೆಯುವುದು ಲ್ಯಾಬಿನವರ ಕೆಲಸ, ಹೊಲಿಗೆ ಪಿಜಿಗಳದ್ದು, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುವವರದ್ದು, ಆಪರೇಷನ್ ದೊಡ್ಡ ಡಾಕ್ಟರದ್ದು. ಉಳಿದದ್ದು ಕಾಗದ. ಆ ಕಾಗದವೆಲ್ಲ ನಮ್ಮದು. ಒಂದು ದಿನ ಲೆಕ್ಕ ಹಾಕಿದ್ದೆ, ಬೆಳಗ್ಗಿನಿಂದ ರಾತ್ರಿಯವರೆಗೆ ರೋಗಿಯ ಮೈ ಮುಟ್ಟಿದ್ದು ಎರಡೇ ಸಲ, ಎರಡೂ ಬಿಪಿ ನೋಡಲಿಕ್ಕೆ.

ನನ್ನ ಗೆಳತಿ ಒಬ್ಬಳು ಸರಕಾರಿ ಕಾಲೇಜಿನಲ್ಲಿದ್ದಳು. ಅವಳ ಕಥೆ ಪೂರ್ತಿ ಉಲ್ಟಾ. ದಿನಕ್ಕೆ ನಲವತ್ತು ಜನರ ರಕ್ತ ತೆಗೆಯಬೇಕು, ಕ್ಯಾನುಲಾ ಹಾಕಬೇಕು, ಗಾಯಕ್ಕೆ ಬ್ಯಾಂಡೇಜು ಕಟ್ಟಬೇಕು, ರಾತ್ರಿ ಟ್ರಾಲಿಯನ್ನೂ ತಳ್ಳಬೇಕು. ಅವಳ ಕೈ ಮೂರು ತಿಂಗಳಲ್ಲಿ ಪಳಗಿತು. ಆದರೆ ಈ ರೋಗಿಗೆ ಈ ಔಷಧ ಯಾಕೆ, ನಿನ್ನೆಗಿಂತ ಇವತ್ತು ಎಂತ ವ್ಯತ್ಯಾಸ ಅಂತ ಕೇಳಲಿಕ್ಕೆ ಅವಳಿಗೂ ಹೊತ್ತು ಸಿಗಲಿಲ್ಲ, ಹೇಳಲಿಕ್ಕೆ ದೊಡ್ಡ ಡಾಕ್ಟರುಗಳಿಗೂ ಹೊತ್ತಿರಲಿಲ್ಲ. ಒಬ್ಬಳಿಗೆ ಕೈ ಬಂತು, ಇನ್ನೊಬ್ಬಳಿಗೆ ಅದೂ ಬರಲಿಲ್ಲ. ಅಟೆಂಡರು, ಗುಮಾಸ್ತರು, ಲ್ಯಾಬಿನವರು ಕಡಿಮೆ ಇದ್ದ ಕಡೆಯಲ್ಲೆಲ್ಲ ಆ ಖಾಲಿ ಜಾಗಕ್ಕೆ ಇಂಟರ್ನ್‌ಗಳನ್ನು ಹಾಕ್ತಾರೆ. ಇದನ್ನು ಕಲಿಕೆ ಅಂತ ಹೇಳಬಾರದು.

ಆ ವರ್ಷದಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ ಕಲಿಸಿದ್ದಾರೆ, ಅದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಕ್ಯಾಶುವಾಲಿಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದ ಪೋಸ್ಟಿಂಗ್, ಆಗ 15 ದಿನ ಇತ್ತು. ರಾತ್ರಿ ಎರಡು ಗಂಟೆಗೆ ಹಾವು ಕಚ್ಚಿದ ಕೇಸು ಬಂತು. ನಾನು ಎಂದಿನಂತೆ ಕೇಸ್ ಶೀಟ್ ಎತ್ತಿಕೊಂಡೆ. ಡ್ಯೂಟಿ ಡಾಕ್ಟರು ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ಬರಹ ಆಮೇಲೆ. ಮೊದಲು ರಕ್ತ ತೆಗಿ" ಅಂದರು. ಎರಡು ಎಂಎಲ್ ರಕ್ತ, ಗಾಜಿನ ಟ್ಯೂಬಿಗೆ. ಪ್ಲಾಸ್ಟಿಕ್ ಆಗಬಾರದು. ಸಾಬೂನು ನೀರಿನಲ್ಲಿ ತೊಳೆದ ಗಾಜೂ ಆಗಬಾರದು, ಹೊಸತು, ಒಣಗಿದ್ದು ಬೇಕು. ಯಾಕೆಂದರೆ ಪ್ಲಾಸ್ಟಿಕ್ಕಿನಲ್ಲಿ, ಸಾಬೂನಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಸರಿಯಾಗಿ ಹೆಪ್ಪುಗಟ್ಟದೆ ಇರಬಹುದು, ಆಗ ವಿಷ ಏರದವನಿಗೂ ವಿಷದ ಮದ್ದು ಹಾಕಿಬಿಡ್ತೇವೆ. ಟ್ಯೂಬನ್ನು ನೆಟ್ಟಗೆ ಇಟ್ಟು 20 ನಿಮಿಷ ಮುಟ್ಟಬಾರದು, ಅಲ್ಲಾಡಿಸಬಾರದು. ಆ 20 ನಿಮಿಷವೂ ಅವರು ನನ್ನನ್ನು ಆ ಟ್ಯೂಬಿನ ಮುಂದೆಯೇ ನಿಲ್ಲಿಸಿದರು. ಬೇರೆಯವರು ಬಂದು "ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ಬಾ" ಅಂದಾಗ, "ಅವಳು ಕೆಲಸದಲ್ಲಿದ್ದಾಳೆ" ಅಂದರು. 20 ನಿಮಿಷ ಆದ ಮೇಲೆ ಒಂದೇ ಒಂದು ಸಲ ಬಗ್ಗಿಸಿ ನೋಡಬೇಕು. ಬಗ್ಗಿಸಿದೆ. ರಕ್ತ ನೀರಿನ ಹಾಗೆ ಹರಿಯಿತು, ವಿಷ ಏರಿದೆ ಅಂತ ಅರ್ಥ.

ಅಷ್ಟೇ ಪಾಠ. ಒಟ್ಟು ಅರ್ಧ ಗಂಟೆ ಇರಬಹುದು.

ಮರುವರ್ಷ ಇಲ್ಲಿ, ಎಣ್ಮಕಜೆ ಕಡೆಯಿಂದ ಒಬ್ಬರು ಬಂದರು. ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುವಾಗ ಪಾದಕ್ಕೆ ಕಚ್ಚಿದೆ. ಮಂಡಲ ಅಂತ ಜೊತೆಯಲ್ಲಿ ಬಂದವರು ಹೇಳಿದರು, ಆದರೆ ನಮ್ಮ ಕಡೆ ಮಂಡಲ ಅಂತ ಎಲ್ಲದಕ್ಕೂ ಹೇಳ್ತಾರೆ. ಕೊಳಕುಮಂಡಲ ಇರಬಹುದು, ಹಂಪ್ ನೋಸ್ಡ್ ಪಿಟ್ ವೈಪರ್ ಎನ್ನುವ ಸಣ್ಣ ಜಾತಿಯದ್ದೂ ಇರಬಹುದು. ನಮ್ಮಲ್ಲಿ ಸಿಗುವ ವಿಷದ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೇ ಆಗುವುದು, ಆ ಸಣ್ಣದಕ್ಕೆ ಅಲ್ಲ. ಕಾಲು ಮೊಣಕಾಲವರೆಗೆ ಊದಿತ್ತು, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ನಾನು ಗಾಜಿನ ಟ್ಯೂಬ್ ಕೇಳಿದೆ. ಸಿಸ್ಟರ್ ಪ್ಲಾಸ್ಟಿಕ್ ತಂದರು, ಬೇಡ ಅಂದೆ, ಲ್ಯಾಬಿನ ಬೀಗ ತೆಗೆಸಿ ಹೊಸ ಗಾಜಿನದ್ದನ್ನೇ ತರಿಸಿದೆ. 20 ನಿಮಿಷ. ಹೆಪ್ಪುಗಟ್ಟಲಿಲ್ಲ. ಮದ್ದು ಮೈಗೆ ಒಗ್ಗದಿದ್ದರೆ ಬೇಕಾಗುವ ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿಟ್ಟುಕೊಂಡು ವಿಷದ ಮದ್ದು 10 ವಯಲ್ ಶುರು ಮಾಡಿದೆ, ಅದು ಹೋಗ್ತಾ ಇರುವಾಗಲೇ ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ಆಂಬ್ಯುಲೆನ್ಸ್ ಹತ್ತಿಸಿದೆ. ಹದಿನೈದು ದಿನ ಕಳೆದು ಅವರು ನಡೆದುಕೊಂಡು ಬಂದು ಒಂದು ಚೀಲ ಹಲಸಿನ ಹಪ್ಪಳ ಕೊಟ್ಟು ಹೋದರು. ಆ ಹಪ್ಪಳ ನಿಜವಾಗಿ ಆ ಡ್ಯೂಟಿ ಡಾಕ್ಟರಿಗೆ ಸೇರಬೇಕಿತ್ತು. ಕೇಸ್ ಶೀಟನ್ನು ನನ್ನ ಕೈಯಿಂದ ತೆಗೆದಿಟ್ಟವರು ಅವರೊಬ್ಬರೇ.

ಹಾಗಿದ್ದರೆ ಎಲ್ಲರೂ ಯಾಕೆ ಹಾಗೆ ಮಾಡುವುದಿಲ್ಲ? ಕಾರಣ ಒಂದಲ್ಲ. 2014ಕ್ಕೆ ಮೊದಲು ದೇಶದಲ್ಲಿ ಎಂಬಿಬಿಎಸ್ ಸೀಟು ಸುಮಾರು 51 ಸಾವಿರ ಇತ್ತು, 2024ಕ್ಕೆ 1 ಲಕ್ಷದ 12 ಸಾವಿರ ದಾಟಿತು. ಸೀಟು ಹೆಚ್ಚಾದದ್ದು ಒಳ್ಳೆಯದೇ, ನಮ್ಮಂಥ ಊರುಗಳಿಗೆ ಡಾಕ್ಟರು ಬೇಕು. ಆದರೆ ಕಟ್ಟಡ ಕಟ್ಟಿದಷ್ಟು ಬೇಗ ಕಲಿಸುವವರು ತಯಾರಾಗುವುದಿಲ್ಲ, ರೋಗಿಗಳೂ ಹೇಳಿದ ಕೂಡಲೇ ಬರುವುದಿಲ್ಲ. ಹಾಸಿಗೆ ಅರ್ಧ ಖಾಲಿ ಇರುವ ವಾರ್ಡಿನಲ್ಲಿ ಹದಿನೈದು ಇಂಟರ್ನ್‌ಗಳು ನಿಂತರೆ ಯಾರಿಗೆ ಎಂತ ಸಿಗುತ್ತದೆ? ಇದ್ದ ಕೇಸು ಮೊದಲು ಪಿಜಿಗಳಿಗೆ, ಅವರಿಗೂ ಕಲಿಯಲಿಕ್ಕೆ ಉಂಟಲ್ಲ. ದುಡ್ಡು ಕೊಟ್ಟು ಬಂದ ರೋಗಿ "ಹುಡುಗರು ಮುಟ್ಟುವುದು ಬೇಡ, ದೊಡ್ಡ ಡಾಕ್ಟರೇ ಮಾಡಲಿ" ಅಂತಾರೆ. ಅದು ತಪ್ಪು ಅಂತ ನಾನು ಹೇಳಲಾರೆ, ನನ್ನ ಅಮ್ಮನಿಗಾದರೆ ನಾನೂ ಹಾಗೇ ಕೇಳುತ್ತಿದ್ದೆನೋ ಏನೋ. ಆದರೆ ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತು "ಇವಳು ಮಾಡ್ತಾಳೆ, ನಾನಿದ್ದೇನೆ" ಅಂತ ಒಂದು ಮಾತು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ನಾನು ನೋಡಿದ್ದೇನೆ. ಆ ಮಾತು ಹೇಳುವವರೇ ಕಡಿಮೆ.

ಇನ್ನು ನೀಟ್ ಪಿಜಿ, ಪಿಜಿ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ. ಮೂರೂವರೆ ಗಂಟೆ, 200 ಪ್ರಶ್ನೆ, 800 ಅಂಕ. ಅದರಲ್ಲಿ ಒಂದು ಅಂಕವೂ ನಿಮ್ಮ ಕೈಗೆ ಇಲ್ಲ, ಎಲ್ಲ ತಲೆಗೆ. ಈ ಪರೀಕ್ಷೆ ಕಣ್ಣೆದುರು ಇರುವಾಗ ಇಂಟರ್ನ್‌ಗೆ ವಾರ್ಡು ಅಂದರೆ ಓದುವ ಹೊತ್ತನ್ನು ತಿನ್ನುವ ಜಾಗ. ಹಾಜರಿ "ಅಡ್ಜಸ್ಟ್" ಮಾಡಿಸಿಕೊಂಡು ಲೈಬ್ರರಿಯಲ್ಲಿ ಕೂರುತ್ತಾರೆ. ಒಬ್ಬ ಬಂದು ನಾಲ್ಕು ಜನರ ಸಹಿ ಹಾಕುವುದೂ ಉಂಟು. ನಾನೂ ಕೊನೆಯ ಎರಡು ತಿಂಗಳು ಹಾಗೆ ಕೂತವಳೇ. ಮಕ್ಕಳನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಬರೀ ಎಂಬಿಬಿಎಸ್ ಆದವರನ್ನು ಯಾರೂ ಗಣನೆಗೆ ತಗೊಳ್ಳುವುದಿಲ್ಲ, ಮದುವೆ ಮನೆಯಲ್ಲಿ ಕೂಡ "ಪಿಜಿ ಯಾವುದರಲ್ಲಿ?" ಅಂತಲೇ ಕೇಳುವುದು. ಆ ಒತ್ತಡದಲ್ಲಿ ಇಪ್ಪತ್ಮೂರು ವರ್ಷದ ಹುಡುಗ ಲೇಬರ್ ರೂಮು ಬಿಟ್ಟು ಪುಸ್ತಕ ಹಿಡಿದರೆ ಅವನದ್ದೊಬ್ಬನದೇ ತಪ್ಪಾ?

ನಿಯಮ ಇಲ್ಲವಾ ಅಂದರೆ ಉಂಟು, ಚೆನ್ನಾಗಿಯೇ ಉಂಟು. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2021ರ ನವೆಂಬರಿನಲ್ಲಿ ಇಂಟರ್ನ್‌ಶಿಪ್‌ಗೆ ಹೊಸ ನಿಯಮ ತಂದಿದೆ. ಮೆಡಿಸಿನ್ 6 ವಾರ, ಸರ್ಜರಿ 6 ವಾರ, ಹೆರಿಗೆ ಮತ್ತು ಸ್ತ್ರೀರೋಗ 7 ವಾರ, ಸಮುದಾಯ ವೈದ್ಯಕೀಯ 12 ವಾರ, ಕ್ಯಾಶುವಾಲಿಟಿ 2 ವಾರ, ಹೀಗೆ ವರ್ಷವನ್ನೆಲ್ಲ ಹಂಚಿದ್ದಾರೆ. ಯಾವ ಕೆಲಸ ನೋಡಿದ್ದು, ಯಾವುದಕ್ಕೆ ಕೈ ಜೋಡಿಸಿದ್ದು, ಯಾವುದನ್ನು ತಾನೇ ಮಾಡಿದ್ದು ಅಂತ ಲಾಗ್‌ಬುಕ್ಕಿನಲ್ಲಿ ಬರೆದು ಮೇಲಿನವರ ಸಹಿ ಹಾಕಿಸಬೇಕು. ಇಷ್ಟೆಲ್ಲ ಆದ ಮೇಲೂ ಚಿಕ್ಕಮ್ಮನ ಮಗನ ಪುಟದಲ್ಲಿ ಹತ್ತು ಹೆರಿಗೆ ಇದೆ, ಅವನ ಕೈಯಲ್ಲಿ ಒಂದೂ ಇಲ್ಲ. ಸಹಿ ಹಾಕಿದವರು ಆ ಹತ್ತು ಹೆರಿಗೆಗೂ ಅಲ್ಲಿರಲಿಲ್ಲ, ಇವನೂ ಇರಲಿಲ್ಲ.

ಇನ್ನೊಂದು ವಿಷಯ ನೆನಪಾಗುತ್ತದೆ. ನಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಎಂಬಿಬಿಎಸ್ ಓದಲು ಹೋದ ಮಕ್ಕಳು ಇದ್ದಾರೆ. ಕೋವಿಡ್, ಯುದ್ಧ ಅಂತ ಕೊನೇ ವರ್ಷದಲ್ಲಿ ಊರಿಗೆ ವಾಪಸಾಗಿ ಆನ್‌ಲೈನಿನಲ್ಲಿ ಓದು ಮುಗಿಸಿದವರಿಗೆ 2022ರಲ್ಲಿ ಎನ್‌ಎಂಸಿ ಎರಡು ವರ್ಷ ಇಂಟರ್ನ್‌ಶಿಪ್ ಹಾಕಿತು. ಪರದೆ ನೋಡಿ ಕಲಿತದ್ದು ಸಾಲದು, ರೋಗಿಯ ಹತ್ತಿರ ಕಲಿಯಬೇಕು ಅಂತ. ಆ ಮಾತು ಸರಿ. ಆದರೆ ಇಲ್ಲೇ ಓದಿ, ಇಲ್ಲೇ ಕಾಗದ ತುಂಬಿಸಿ ಹೊರಬಂದ ನನ್ನನ್ನು ಯಾರೂ ಹಾಗೆ ಕೇಳಲಿಲ್ಲ.

ಗಡಿಯಲ್ಲಿ ಇರುವವರಿಗೆ ಇದು ಯಾಕೆ ಇಷ್ಟು ತಾಗುತ್ತದೆ ಅಂತ ಹೇಳ್ತೇನೆ. ನಮ್ಮ ಕಡೆ ಏನಾದರೂ ದೊಡ್ಡದಾದರೆ ಮೊದಲಿಂದಲೂ ಬಾಯಲ್ಲಿ ಬರುವ ಮಾತು ಒಂದೇ, "ಮಂಗಳೂರಿಗೆ ಕೊಂಡೋಗಿ". 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಆಸ್ಪತ್ರೆ ಮಂಗಳೂರೇ. ಸಣ್ಣ ಆಸ್ಪತ್ರೆಯ ಡಾಕ್ಟರಿಗೆ ಕೈ ಬರದಿದ್ದರೂ ಆ ರಸ್ತೆ ಇತ್ತು. 2020ರ ಮಾರ್ಚಿನಲ್ಲಿ, ಕೋವಿಡ್ ಬಂದಾಗ, ಆ ರಸ್ತೆ ಮುಚ್ಚಿತು. ಗಡಿಯ ತಲಪಾಡಿಯಲ್ಲಿ ತಡೆ, ಒಳದಾರಿಗಳಲ್ಲಿ ಮಣ್ಣಿನ ರಾಶಿ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ಬಿಡಿಸಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು. ಅಷ್ಟರೊಳಗೆ ದಾರಿ ಸಿಗದೆ ಸತ್ತವರಿದ್ದಾರೆ.

ಆ ದಿನಗಳಲ್ಲೇ ಒಂದು ರಾತ್ರಿ ನಮ್ಮಲ್ಲಿಗೆ ಒಬ್ಬಳು ಬಾಣಂತಿಯಾಗುವವಳು ಬಂದಳು. ಮಂಗಳೂರಿನಲ್ಲಿ ಹೆರಿಗೆ ಅಂತ ಇದ್ದದ್ದು, ಹೋಗಲಿಕ್ಕೆ ಆಗಲಿಲ್ಲ. ನಮ್ಮಲ್ಲಿ ಹೆರಿಗೆ ಡಾಕ್ಟರು ಇರಲಿಲ್ಲ. ಬೇರೆ ಕಡೆ ಕಳಿಸೋಣ ಅಂದರೆ ಹೊತ್ತೇ ಇಲ್ಲ, ತಲೆ ಕಾಣ್ತಾ ಉಂಟು. ಅದೃಷ್ಟಕ್ಕೆ ಇಪ್ಪತ್ತು ವರ್ಷ ಲೇಬರ್ ರೂಮಿನಲ್ಲಿದ್ದ ಹಿರಿಯ ಸಿಸ್ಟರೊಬ್ಬರು ಡ್ಯೂಟಿಯಲ್ಲಿದ್ದರು. ಅವರೇ ಹಿಡಿದರು. ಮಗು ಬಂದು ಅತ್ತಿತು, ನಾನು ಒಂದು ನಿಮಿಷದೊಳಗೆ ಗರ್ಭಕೋಶ ಬಿಗಿಯಾಗಲಿಕ್ಕೆ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ಟೆ, ಮಾಸು ಬಂತು. ಎಲ್ಲ ಆಯಿತು ಅಂದುಕೊಂಡೆ. ಸಿಸ್ಟರ್ ನನ್ನ ಕೈ ಹಿಡಿದು ಅವಳ ಹೊಟ್ಟೆಯ ಮೇಲೆ, ಹೊಕ್ಕುಳಿನ ಹತ್ತಿರ ಇಟ್ಟರು. "ಎಂತ ಸಿಗ್ತದೆ?" ಅಂದರು. ಮೆತ್ತಗೆ, ನಾದಿದ ಹಿಟ್ಟಿನ ಹಾಗೆ. "ಇದು ಹೀಗಿರಬಾರ್ದು. ಉಜ್ಜಿ." ಗುಂಡಗೆ ಗುಂಡಗೆ ಉಜ್ಜಿದೆ. ಕೆಳಗೆ ರಕ್ತ ಸ್ವಲ್ಪ ಜಾಸ್ತಿಯೇ ಹೋಗ್ತಾ ಇತ್ತು. ಮೆಲ್ಲ ಮೆಲ್ಲಗೆ ಅಂಗೈ ಕೆಳಗೆ ಗರ್ಭಕೋಶ ಬಿಗಿಯಾಗ್ತಾ ಬಂತು, ಕೊನೆಗೆ ಸುಲಿದ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿತು. "ಈಗ ಸರಿ. ಇದನ್ನು ಕೈ ನೆನಪಿಟ್ಟುಕೊಳ್ಬೇಕು ಡಾಕ್ಟರೇ" ಅಂದರು.

ಹೆರಿಗೆಯ ನಂತರ ರಕ್ತ ಹೋಗುವುದರ ಬಗ್ಗೆ ನಾನು ಪರೀಕ್ಷೆಯಲ್ಲಿ ಆರು ಪುಟ ಬರೆದಿದ್ದೆ. ಹಿಟ್ಟಿಗೂ ತೆಂಗಿನಕಾಯಿಗೂ ಇರುವ ವ್ಯತ್ಯಾಸ ಆ ರಾತ್ರಿಯವರೆಗೆ ನನ್ನ ಕೈಗೆ ಗೊತ್ತಿರಲಿಲ್ಲ. ಸಿಸ್ಟರ್ ಅವತ್ತು ರಜೆಯಲ್ಲಿದ್ದಿದ್ದರೆ ಅಂತ ಯೋಚನೆ ಬಂದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಕೈ ಅಂದಾಗ ಸೂಜಿ, ಹೊಲಿಗೆ ಮಾತ್ರ ಅಲ್ಲ. ಕಿವಿಯೂ ಸೇರಬೇಕು. ನಮ್ಮ ಒಪಿಯಲ್ಲಿ ಒಬ್ಬರು "ತರೆ ಬೇನೆ" ಅಂತ ತುಳುವಿನಲ್ಲಿ ಹೇಳ್ತಾರೆ, ಇನ್ನೊಬ್ಬರು "ವಯರು ವೇದನ" ಅಂತ ಮಲಯಾಳದಲ್ಲಿ, ಮತ್ತೊಬ್ಬರು ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ. ಅಜ್ಜಂದಿರು ಕಾಯಿಲೆಯನ್ನು ನೆಟ್ಟಗೆ ಹೇಳುವುದಿಲ್ಲ, ಮಳೆ, ಅಡಿಕೆ ಕೊಳೆರೋಗ, ಮಗಳ ಮನೆ ಎಲ್ಲ ಸುತ್ತಿ ಬಂದು ಕೊನೆಗೆ ಎದೆನೋವು ಅಂತಾರೆ. ಅದನ್ನು ಕೂತು ಕೇಳುವುದು ಇಂಟರ್ನ್‌ಶಿಪ್‌ನಲ್ಲೇ ಕಲಿಯಬೇಕು, ಅದರಲ್ಲೂ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವ ಆ 12 ವಾರದ ಸಮುದಾಯ ಪೋಸ್ಟಿಂಗಿನಲ್ಲಿ. ಜಾಸ್ತಿ ಇಂಟರ್ನ್‌ಗಳು ಬಂಕ್ ಮಾಡುವುದೂ ಅದನ್ನೇ. "ಪಿಎಚ್‌ಸಿ ಪೋಸ್ಟಿಂಗ್ ಅಂದ್ರೆ ಓದ್ಲಿಕ್ಕೆ ರಜೆ" ಅಂತ ನಾವೇ ಹೇಳಿಕೊಳ್ಳುತ್ತಿದ್ದೆವು.

ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ಅಂತ ಒಬ್ಬರು ವೈದ್ಯರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಆ ಸುತ್ತಿನ ಮನೆಗಳಿಂದ ಬರುವ ರೋಗಿಗಳಲ್ಲಿ ಎಂತದೋ ಸರಿ ಇಲ್ಲ ಅಂತ ಮೊದಲು ಕಂಡವರಲ್ಲಿ ಅವರೊಬ್ಬರು. ಅವರಿದ್ದದ್ದು ಹಳ್ಳಿಯ ದವಾಖಾನೆಯಲ್ಲಿ. ಒಂದೇ ಊರಿನ ಜನರನ್ನು ವರ್ಷಗಟ್ಟಲೆ ನೋಡಿದರು, ಯಾವ ಮನೆ, ಯಾವ ತೋಡಿನ ಬದಿ ಅಂತ ವಿಚಾರಿಸಿದರು, ಬರೆದರು. ಸಿಂಪಡಣೆ 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. ಇವತ್ತಿಗೂ ಆ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳಿದ್ದಾರೆ. ಹಳ್ಳಿ ಪೋಸ್ಟಿಂಗ್ ರಜೆ ಅಂತ ಹೇಳುವಾಗ ನನಗೆ ಪಡ್ರೆ ನೆನಪಾಗಬೇಕಿತ್ತು, ಅಷ್ಟು ಹತ್ತಿರದ ಊರಿನವಳು ನಾನು. ಆಗಲಿಲ್ಲ.

ಈಗ ಉಕ್ಕಿನಡ್ಕದಲ್ಲಿ ನಮ್ಮದೇ ಸರಕಾರಿ ಮೆಡಿಕಲ್ ಕಾಲೇಜು. 2013ರ ನವೆಂಬರಿನಲ್ಲಿ ಕಲ್ಲು ಹಾಕಿದ್ದು, 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿತು. ಹನ್ನೆರಡು ವರ್ಷ ಕಾದ ಊರು ನಮ್ಮದು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕಟ್ಟಡ ನೋಡಿದಾಗ ಪ್ರತಿ ಸಲ ಖುಷಿಯಾಗುತ್ತದೆ. 50 ಸೀಟಿಗೆ 220 ಹಾಸಿಗೆ ಬೇಕು ಅಂತ ಎನ್‌ಎಂಸಿ ನಿಯಮ. ನಾನು ಕೇಳುವುದು ಹಾಸಿಗೆಯಲ್ಲಿ ರೋಗಿ ಇರಬೇಕು, ಪಕ್ಕದಲ್ಲಿ ಕಲಿಸುವವರು ಇರಬೇಕು ಅಂತ. ಆ ಮೊದಲ 50 ಮಕ್ಕಳು 2030ರ ಹೊತ್ತಿಗೆ ಇಂಟರ್ನ್ ಆಗ್ತಾರೆ. ಅಷ್ಟರೊಳಗೆ ನಮ್ಮವರು ಸಣ್ಣ ಸಣ್ಣದಕ್ಕೂ ಮಂಗಳೂರು ಬಸ್ಸು ಹತ್ತದೆ ಅಲ್ಲಿಗೆ ಹೋಗುವ ಹಾಗೆ ಆಸ್ಪತ್ರೆ ಪೂರ್ತಿ ಆಗಬೇಕು, ಡಾಕ್ಟರ ಹುದ್ದೆ ತುಂಬಬೇಕು. ಅಲ್ಲಿ ಕಲಿಯುವ ಮಕ್ಕಳಿಗೆ ಮಲಯಾಳದ ಜೊತೆ ನಾಲ್ಕು ಮಾತು ಕನ್ನಡ, ತುಳು ಕಲಿಸಿದರೆ ಗಡಿಯ ಅಜ್ಜಿಯಂದಿರಿಗೆ ದೊಡ್ಡ ಉಪಕಾರ.

ಲಾಗ್‌ಬುಕ್ಕಿನ ಬಗ್ಗೆಯೂ ಒಂದು ಮಾತು. ಸಹಿ ಹಾಕುವ ಮೊದಲು "ಹಾಕಿ ತೋರಿಸು" ಅಂತ ಒಂದು ಕ್ಯಾನುಲಾ, "ಹೊಲಿದು ತೋರಿಸು" ಅಂತ ಒಂದು ಹೊಲಿಗೆ ನೋಡಲಿ, ಸಾಕು. ಮೊದಲು ಸ್ಕಿಲ್ ಲ್ಯಾಬಿನ ಬೊಂಬೆಯ ಮೇಲೆ ಹತ್ತು ಸಲ, ಆಮೇಲೆ ರೋಗಿಯ ಹತ್ತಿರ. ಬೊಂಬೆ ಹೆಚ್ಚಿನ ಕಾಲೇಜುಗಳಲ್ಲಿ ಈಗ ಉಂಟು, ನಿಯಮದಲ್ಲೇ ಉಂಟು. ನಾನು ಓದಿದಲ್ಲಿ ಆ ಕೋಣೆಗೆ ಬೀಗ ಇತ್ತು, ಇನ್‌ಸ್ಪೆಕ್ಷನ್ ದಿನ ತೆಗೆಯುತ್ತಿದ್ದರು.

ಚಿಕ್ಕಮ್ಮನ ಮಗನಿಗೆ ಅವತ್ತು ನಾನು ಬೈಯಲಿಲ್ಲ. ಹಿಟ್ಟು, ತೆಂಗಿನಕಾಯಿ ಕಥೆ ಹೇಳಿದೆ. ಇನ್ನೂ ಎರಡು ತಿಂಗಳು ಉಂಟಲ್ಲ, ಹೋಗಿ ಕೇಳು, ಲೇಬರ್ ರೂಮಿನ ಸಿಸ್ಟರ ಹತ್ತಿರ ಕೇಳು, ನಾಚಿಕೆ ಮಾಡ್ಬೇಡ ಅಂದೆ. ಅವನ ಹೆರಿಗೆ ಪೋಸ್ಟಿಂಗ್ ಮುಗಿದಿದೆ, ಆದರೂ ಯೂನಿಟಿನ ಮೇಡಂ ರಾತ್ರಿ ಹತ್ತರ ಮೇಲೆ ಬೇಕಾದರೆ ಬಾ ಅಂದಿದ್ದಾರಂತೆ. ಒಳ್ಳೆಯವರು.

ನಿನ್ನೆ ಫೋನು ಮಾಡಿದ. ಎರಡು ರಾತ್ರಿ ಕಾದಿದ್ದಾನೆ. ಒಂದು ಸಿಸೇರಿಯನ್ ಆಯಿತು, ಇನ್ನೊಂದು ಪಿಜಿಯೇ ಮಾಡಿದರು.

"ಮಾಸು ಬಂದ ಮೇಲೆ ಹೊಟ್ಟೆ ಮುಟ್ಟಿ ನೋಡಿದ್ಯಾ?" ಅಂತ ಕೇಳಿದೆ.

"ನೋಡಿದೆ. ಸಿಸ್ಟರೇ ಕೈ ಹಿಡಿದು ಇಡಿಸಿದ್ರು."

"ಹೇಗಿತ್ತು?"

"ಮೊದಲು ಸ್ವಲ್ಪ ಮೆತ್ತಗೆ ಇತ್ತಕ್ಕ. ಉಜ್ಜಿದ ಮೇಲೆ ನೀನು ಹೇಳಿದ ಹಾಗೆಯೇ."

ಇವತ್ತು ರಾತ್ರಿಯೂ ಹೋಗ್ತಾನಂತೆ.